ಪಾಲಿಹೌಸ್ ದಪ್ಪ ಮೆಣಸಿನಕಾಯಿಗೆ ಕೊಟ್ಟಿಗೆ ಗೊಬ್ಬರ ಮತ್ತು ರಸಗೊಬ್ಬರ ಎರಡನ್ನೂ ಕೊಡುವಾಗ ಲೆಕ್ಕ ಹಿಡಿಯುವುದು ಹೇಗೆ?

ಕೋಲಾರದ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮದು 20 ಗುಂಟೆಯ ಪಾಲಿಹೌಸ್. ಕೆಂಪು ಮತ್ತು ಹಳದಿ ದಪ್ಪ ಮೆಣಸಿನಕಾಯಿ ಬೆಳೆಯುತ್ತೇವೆ. ಮೊದಲ ಬೆಳೆ ಚೆನ್ನಾಗಿ ಬಂದಿತ್ತು, ಎರಡನೆಯದು ಪರವಾಗಿಲ್ಲ ಎನ್ನುವಂತಿತ್ತು, ಈಗ ನಿಂತಿರುವ ಮೂರನೆಯ ಬೆಳೆ ಮಾತ್ರ ಮೇಲೇಳುತ್ತಿಲ್ಲ. ಎಳೆಯ ಎಲೆಗಳಲ್ಲಿ ನರ ಹಸಿರಾಗಿದ್ದು ಉಳಿದ ಭಾಗ ಹಳದಿಯಾಗಿದೆ. ಹಳೆಯ ಎಲೆಗಳ ಅಂಚು ಸುಟ್ಟಂತೆ ಒಣಗುತ್ತಿದೆ. ಕಾಯಿಯ ತುದಿಯಲ್ಲಿ ಕಂದು ಮಚ್ಚೆ ಎದ್ದು ಕೊಳೆಯುತ್ತಿರುವುದರಿಂದ ಪೆಟ್ಟಿಗೆಗಟ್ಟಲೆ ಕಾಯಿಯನ್ನು ಬೇರ್ಪಡಿಸಿ ಎಸೆಯಬೇಕಾಗಿದೆ. ಮಲ್ಚಿಂಗ್ ಹಾಳೆ ಎತ್ತಿ ನೋಡಿದರೆ ಮಡಿಯ ಅಂಚಿನಲ್ಲಿ ಬೂದು ಬಣ್ಣದ ಉಪ್ಪಿನ ಪೊರೆ ಕಟ್ಟಿದೆ.

ಪ್ರತಿ ಬೆಳೆಗೂ ನಾಟಿಗೆ ಮೊದಲು ಸುಮಾರು 26 ಟನ್ ಕೊಟ್ಟಿಗೆ ಗೊಬ್ಬರ, 2 ಟನ್ ಕೋಳಿ ಗೊಬ್ಬರ ಮತ್ತು ಎರಡು ಚೀಲ ಡಿಎಪಿ (ಸಾರಜನಕ ಮತ್ತು ರಂಜಕದ ರಸಗೊಬ್ಬರ) ಹಾಕುತ್ತೇವೆ. ಆಮೇಲೆ ಡ್ರಿಪ್‌ನಲ್ಲಿ 19:19:19 (ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ ಪ್ರಮಾಣ), ಕಾಯಿ ಕಟ್ಟಿದ ಮೇಲೆ 13:0:45 ಮತ್ತು ಕ್ಯಾಲ್ಸಿಯಂ ನೈಟ್ರೇಟ್ ಕೊಡುತ್ತೇವೆ. ಊರಿನಲ್ಲಿ ಒಬ್ಬರು ರಸಗೊಬ್ಬರ ಬಿಟ್ಟುಬಿಡಿ ಎನ್ನುತ್ತಾರೆ, ಇನ್ನೊಬ್ಬರು ಕೊಟ್ಟಿಗೆ ಗೊಬ್ಬರ ದಂಡ, ಅದನ್ನು ನಿಲ್ಲಿಸಿ ಎನ್ನುತ್ತಾರೆ. ಎರಡನ್ನೂ ಸೇರಿಸಿ ಬಳಸುವುದೇ ತಪ್ಪೇ, ಅಥವಾ ಸೇರಿಸುವ ಪ್ರಮಾಣದಲ್ಲಿ ತೊಂದರೆ ಇದೆಯೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಸಹಜ ಕೃಷಿಕ, ಮಂಡ್ಯ

ನಿಮ್ಮ ಮಡಿಯ ಮೇಲೆ ಕಾಣುವ ಉಪ್ಪು ರಸಗೊಬ್ಬರದ್ದು. ಅದನ್ನು ನಿಲ್ಲಿಸಿ ಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಹಿಟ್ಟು ಕಲಸಿದ ದ್ರವ) ಕೊಡಿ, ಒಣಹುಲ್ಲಿನ ಹೊದಿಕೆ ಮಾಡಿ. ಮಣ್ಣಿನಲ್ಲಿ ಜೀವ ಇದ್ದರೆ ಗಿಡಕ್ಕೆ ಬೇಕಾದದ್ದನ್ನು ಅದೇ ಒದಗಿಸುತ್ತದೆ.

ಮಣ್ಣು ಪರೀಕ್ಷಕ

ಬೆಳೆಗಾರರೇ, ಮಣ್ಣು ಪರೀಕ್ಷೆ ಮಾಡಿಸಿದ್ದೀರಾ? ಮಾಡಿಸಿದ್ದರೆ ಅಂಕಿಗಳನ್ನು ಇಲ್ಲಿ ಹಾಕಿ. ಅವಿಲ್ಲದೆ ಯಾರು ಏನು ಹೇಳಿದರೂ ಅದು ಊಹೆಯಾಗುತ್ತದೆ.

ಕೋಲಾರದ ಬೆಳೆಗಾರ

ಕಳೆದ ವಾರ ವರದಿ ಬಂದಿದೆ ಸರ್. ಪಿ.ಎಚ್. (ಹುಳಿ-ಕ್ಷಾರದ ಅಳತೆ) 7.9, ಇ.ಸಿ. (ಲವಣದ ಅಳತೆ) 1.1, ಸಾವಯವ ಇಂಗಾಲ ಶೇ. 1.4. ಎಕರೆವಾರು ಅಲ್ಲ, ಹೆಕ್ಟೇರ್‌ವಾರು ಲೆಕ್ಕದಲ್ಲಿ ಲಭ್ಯ ರಂಜಕ 260 ಕಿಲೋ, ಪೊಟ್ಯಾಷ್ 900 ಕಿಲೋ. ಸತು ಮತ್ತು ಕಬ್ಬಿಣ ಕಡಿಮೆ ಎಂದು ಬರೆದಿದ್ದಾರೆ. ಇ.ಸಿ. ಎದುರಿಗೆ ‘ಸಾಧಾರಣಕ್ಕಿಂತ ತುಸು ಹೆಚ್ಚು’ ಎಂದಿದೆ.

ಮಣ್ಣು ಪರೀಕ್ಷಕ

ಈ ವರದಿಯಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ನಮ್ಮ ರಾಜ್ಯದ ಪ್ರಯೋಗಾಲಯಗಳಲ್ಲಿ ಲಭ್ಯ ರಂಜಕ ಹೆಕ್ಟೇರಿಗೆ ಸುಮಾರು 57 ಕಿಲೋ ದಾಟಿದರೆ ‘ಹೆಚ್ಚು’ ಎಂದು ಬರೆಯುತ್ತಾರೆ. ಪೊಟ್ಯಾಷ್‌ಗೆ ಆ ಗೆರೆ 337 ಕಿಲೋದ ಆಸುಪಾಸಿನಲ್ಲಿದೆ. ನಿಮ್ಮಲ್ಲಿ ರಂಜಕ ಆ ಮಿತಿಯ ನಾಲ್ಕು ಪಟ್ಟು ದಾಟಿದೆ, ಪೊಟ್ಯಾಷ್ ಎರಡೂವರೆ ಪಟ್ಟು ದಾಟಿದೆ. ರಂಜಕ ಇಷ್ಟು ಏರಿದಾಗ, ಅದರ ಜೊತೆಗೆ ಪಿ.ಎಚ್. ಕೂಡ ಎಂಟರ ಹತ್ತಿರ ಬಂದಾಗ, ಸತು ಮತ್ತು ಕಬ್ಬಿಣ ಬೇರಿಗೆ ಸಿಗುವುದು ಕಷ್ಟವಾಗುತ್ತದೆ. ಎಳೆಯ ಎಲೆಯ ಹಳದಿ ಅದರಿಂದ ಬಂದದ್ದು. ಪೊಟ್ಯಾಷ್ ಅತಿಯಾದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಹೀರುವಿಕೆಗೆ ಅಡ್ಡಿಯಾಗುತ್ತದೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟು ಇದ್ದರೂ ಕಾಯಿಯ ತುದಿ ಕೊಳೆಯುವುದಕ್ಕೆ ಒಂದು ಕಾರಣ ಇದು, ಇನ್ನೊಂದು ಕಾರಣ ಲವಣ.

ಈಗ ನೀವು ಹಾಕಿದ್ದರ ಲೆಕ್ಕ ನೋಡಿ. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಶೇ. 0.5 ಸಾರಜನಕ, ಶೇ. 0.2 ರಂಜಕ, ಶೇ. 0.5 ಪೊಟ್ಯಾಷ್ ಎಂದು ಹಿಡಿದರೆ, 26 ಟನ್‌ನಲ್ಲಿ 130 ಕಿಲೋ ಸಾರಜನಕ, 52 ಕಿಲೋ ರಂಜಕ, 130 ಕಿಲೋ ಪೊಟ್ಯಾಷ್ ಬಂತು. ಕೋಳಿ ಗೊಬ್ಬರದಲ್ಲಿ ಸುಮಾರು ಶೇ. 3 ಸಾರಜನಕ ಮತ್ತು ಶೇ. 2.6 ರಂಜಕ ಇರುತ್ತದೆ. ಹಾಗಾಗಿ 2 ಟನ್‌ನಲ್ಲಿ 60 ಕಿಲೋ ಸಾರಜನಕ ಮತ್ತು ಇನ್ನೊಂದು 52 ಕಿಲೋ ರಂಜಕ ಸೇರಿತು. ಎರಡು ಚೀಲ, ಅಂದರೆ 100 ಕಿಲೋ ಡಿಎಪಿಯಿಂದ ಮತ್ತೆ 46 ಕಿಲೋ ರಂಜಕ. ಒಟ್ಟು 150 ಕಿಲೋ ರಂಜಕ ನಾಟಿಗೆ ಮೊದಲೇ ಮಣ್ಣಿಗೆ ಬಿತ್ತು. 20 ಗುಂಟೆಯಲ್ಲಿ 15 ಟನ್ ಕಾಯಿ ತೆಗೆದರೂ ಬೆಳೆ ಎತ್ತುವ ರಂಜಕ 15 ಕಿಲೋದ ಹತ್ತಿರ ಇರುತ್ತದೆ. ಬೇಕಾದದ್ದರ ಹತ್ತು ಪಟ್ಟು ಪ್ರತಿ ಬೆಳೆಗೂ ಸೇರುತ್ತಾ ಬಂದಿದೆ, ಅದರ ಮೇಲೆ 19:19:19 ಮೂಲಕ ಇನ್ನಷ್ಟು ಕೊಡುತ್ತಿದ್ದೀರಿ.

ಆದ್ದರಿಂದ ಎರಡನ್ನೂ ಸೇರಿಸುವುದು ತಪ್ಪಲ್ಲ. ಗೊಬ್ಬರದಲ್ಲಿ ಬಂದ ಪೋಷಕಾಂಶವನ್ನು ರಸಗೊಬ್ಬರದ ಲೆಕ್ಕದಿಂದ ಕಳೆಯದೆ ಇರುವುದು ತೊಂದರೆ. ತೋಟದಲ್ಲಾದರೆ ಮುಂಗಾರು ಬಂದು ಹೆಚ್ಚಿನ ಲವಣವನ್ನು ಕೆಳಗೆ ಇಳಿಸುತ್ತದೆ. ಪಾಲಿಹೌಸಿನೊಳಗೆ ಒಂದು ಹನಿ ಮಳೆ ಬೀಳುವುದಿಲ್ಲ, ಹಾಕಿದ್ದೆಲ್ಲ ಅಲ್ಲಿಯೇ ಉಳಿಯುತ್ತದೆ.

ಹೊಸಕೋಟೆ ನರ್ಸರಿ

ಇ.ಸಿ. 1.1 ಎಂದರೆ ಅಷ್ಟೇನೂ ಹೆಚ್ಚಲ್ಲ ಸರ್. ದಪ್ಪ ಮೆಣಸಿನಕಾಯಿ 1.5ರವರೆಗೆ ತಡೆಯುತ್ತದೆ ಎಂದು ಎಲ್ಲ ಕೈಪಿಡಿಗಳಲ್ಲೂ ಇದೆ.

ಮಣ್ಣು ಪರೀಕ್ಷಕ

ಆ 1.5 ಎನ್ನುವುದು ಮಣ್ಣನ್ನು ಕೆಸರಿನಂತೆ ಕಲಸಿ, ಅದರಿಂದ ಹಿಂಡಿ ತೆಗೆದ ನೀರಿನ ಅಂಕಿ. ನಮ್ಮ ಪ್ರಯೋಗಾಲಯಗಳಲ್ಲಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತಾರೆ. ನೀರು ಹೆಚ್ಚಾದಷ್ಟೂ ಅಂಕಿ ಕೆಳಗಿಳಿಯುತ್ತದೆ. ಇವರ 1.1 ಅನ್ನು ಕೆಸರಿನ ವಿಧಾನಕ್ಕೆ ತಂದರೆ ಸುಮಾರು ಮೂರು ಪಟ್ಟಾಗುತ್ತದೆ. ಟೊಮೆಟೊ 2.5ರವರೆಗೆ ಇಳುವರಿ ಕುಂದದೆ ನಿಲ್ಲುತ್ತದೆ, ದಪ್ಪ ಮೆಣಸಿನಕಾಯಿ ಅದಕ್ಕಿಂತ ಸೂಕ್ಷ್ಮ. ಎರಡು ವಿಧಾನದ ಅಂಕಿಗಳನ್ನು ಬೆರೆಸಿ ಓದುವುದರಿಂದ ಬಹಳ ಮಂದಿ ‘ನಮ್ಮ ಮಣ್ಣು ಸರಿಯಾಗಿದೆ’ ಎಂದು ಭಾವಿಸಿ ಕೈಕಟ್ಟಿ ಕೂರುತ್ತಾರೆ.

ಹೊಸಕೋಟೆ ನರ್ಸರಿ

ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಧನ್ಯವಾದಗಳು.

ಸಹಜ ಕೃಷಿಕ, ಮಂಡ್ಯ

ಲೆಕ್ಕ ಒಪ್ಪಿದೆ. ಆದರೆ ನಿಮ್ಮ ಲೆಕ್ಕವೇ ಹೇಳುವಂತೆ ಗೊಬ್ಬರದಲ್ಲಿಯೇ 190 ಕಿಲೋ ಸಾರಜನಕ ಇದೆ. ಬೆಳೆಗೆ ಅದರ ಕಾಲು ಭಾಗ ಸಾಕು. ಹಾಗಿದ್ದ ಮೇಲೆ ಡ್ರಿಪ್‌ನಲ್ಲಿ ಒಂದು ಗ್ರಾಂ ರಸಗೊಬ್ಬರವಾದರೂ ಏಕೆ ಬೇಕು?

ಮಣ್ಣು ಪರೀಕ್ಷಕ

ಪ್ರಶ್ನೆ ನ್ಯಾಯವಾಗಿದೆ. ಕೊಟ್ಟಿಗೆ ಗೊಬ್ಬರದ ಸಾರಜನಕ ಮೊದಲ ಬೆಳೆಯಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಮಾತ್ರ ಬಿಡುಗಡೆಯಾಗುತ್ತದೆ. ಉಳಿದದ್ದು ಮುಂದಿನ ವರ್ಷಗಳಿಗೆ ಹೋಗುತ್ತದೆ. ಅದು ಬಿಡುಗಡೆಯಾಗುವುದು ಮಣ್ಣಿನ ಶಾಖ ಮತ್ತು ತೇವದ ಲೆಕ್ಕದಲ್ಲೇ ಹೊರತು ಗಿಡದ ಹಸಿವಿನ ಲೆಕ್ಕದಲ್ಲಲ್ಲ. ಡಿಸೆಂಬರ್ ಚಳಿಯಲ್ಲಿ ಗಿಡದ ತುಂಬ ಕಾಯಿ ಇದ್ದಾಗ ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗುತ್ತದೆ, ಮಾರ್ಚ್ ಬಿಸಿಲಿಗೆ ಒಮ್ಮೆಲೇ ಏರುತ್ತದೆ. ಆ ಅಂತರವನ್ನು ತುಂಬುವುದಕ್ಕೆ ಡ್ರಿಪ್‌ನಲ್ಲಿ ಸ್ವಲ್ಪ ಸ್ವಲ್ಪ ಸಾರಜನಕ ಬೇಕು.

ಜೀವಾಮೃತದ ಬಗ್ಗೆಯೂ ಒಂದು ಮಾತು. ಒಂದು ಎಕರೆಗೆ ಹೇಳುವ 200 ಲೀಟರ್‌ನಲ್ಲಿ 10 ಕಿಲೋ ಸಗಣಿ, 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು ಇರುತ್ತದೆ. ಎಲ್ಲ ಕೂಡಿದರೂ ಸಾರಜನಕ ಕಾಲು ಕಿಲೋ ಆಸುಪಾಸಿನಲ್ಲಿರುತ್ತದೆ. ಎಕರೆಗೆ 30 ಟನ್ ಕಾಯಿ ಕೊಡಬೇಕಾದ ಬೆಳೆ ಸುಮಾರು 90 ಕಿಲೋ ಎತ್ತುತ್ತದೆ.

ಸಹಜ ಕೃಷಿಕ, ಮಂಡ್ಯ

ಜೀವಾಮೃತವನ್ನು ಆಹಾರ ಎಂದು ಯಾರೂ ಹೇಳುವುದಿಲ್ಲ. ಅದು ಮಣ್ಣಿನ ಜೀವಿಗಳಿಗೆ ಹೆಪ್ಪು ಹಾಕಿದಂತೆ. ಹೆಪ್ಪನ್ನು ತೂಕಕ್ಕಿಟ್ಟು ಇಷ್ಟರಿಂದ ಎಷ್ಟು ಮೊಸರಾದೀತು ಎಂದು ಕೇಳುವುದು ಸರಿಯಲ್ಲ. ನಮ್ಮ ತೋಟದಲ್ಲಿ ತೆಂಗು, ಬಾಳೆ, ಅವುಗಳ ನಡುವಿನ ತರಕಾರಿ ಎಲ್ಲವೂ ಇದರಲ್ಲಿಯೇ ನಿಂತಿವೆ.

ಮಣ್ಣು ಪರೀಕ್ಷಕ

ತೆಂಗು ಬಾಳೆಯ ತೋಟದಲ್ಲಿ ಎಲೆ, ಗರಿ, ದಿಂಡು ಎಲ್ಲವೂ ನೆಲಕ್ಕೆ ಮರಳುತ್ತವೆ, ಬೇರು ಆಳಕ್ಕೆ ಹೋಗುತ್ತದೆ, ಮಳೆ ಬೀಳುತ್ತದೆ. ಅಲ್ಲಿ ನಿಮ್ಮ ಮಾತು ನಡೆಯುತ್ತದೆ, ನನ್ನ ತಕರಾರಿಲ್ಲ. ಪಾಲಿಹೌಸಿನಿಂದ ಟನ್‌ಗಟ್ಟಲೆ ಕಾಯಿ ಹೊರಗೆ ಹೋಗುತ್ತದೆ, ಮರಳಿ ಬರುವುದು ಏನೂ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಜಿಕೆವಿಕೆ ಹಳೆಯ ವಿದ್ಯಾರ್ಥಿ

ಈ ವಾದ ಬಹಳ ಹಳೆಯದು. ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಬೆಳೆದು, ಬರೀ ಕೊಟ್ಟಿಗೆ ಗೊಬ್ಬರ ಹಾಕಿದ ಪಟ್ಟಿ, ಬರೀ ರಸಗೊಬ್ಬರದ ಪಟ್ಟಿ, ಏನೂ ಹಾಕದ ಪಟ್ಟಿಗಳನ್ನು ಹೋಲಿಸುತ್ತಾ ಬಂದಿದ್ದಾರೆ. ಕೊಟ್ಟಿಗೆ ಗೊಬ್ಬರದ ಮೇಲೆ ರಸಗೊಬ್ಬರದ ಸಾರಜನಕ ಸೇರಿಸಿದ ಪಟ್ಟಿಗಳು ಈಗಿನ ತಳಿಗಳಲ್ಲಿ ಮುಂದಿವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನಮ್ಮ ಜಿಕೆವಿಕೆಯಲ್ಲಿ ರಾಗಿಯ ಮೇಲೆ ದಶಕಗಳಿಂದ ನಡೆದ ಪ್ರಯೋಗಗಳಲ್ಲಿಯೂ ಕೊಟ್ಟಿಗೆ ಗೊಬ್ಬರ ಮತ್ತು ರಸಗೊಬ್ಬರ ಕೂಡಿದ ತಾಕುಗಳ ಇಳುವರಿ ಸ್ಥಿರವಾಗಿ ನಿಂತಿತು, ಬರೀ ರಸಗೊಬ್ಬರದ ತಾಕುಗಳಲ್ಲಿ ಕೆಮ್ಮಣ್ಣು ಹುಳಿಯಾಗುತ್ತಾ ಹೋಯಿತು. ಆದರೆ ಇವೆರಡೂ ಬಯಲಿನ ಬೆಳೆಗಳು. ಪಾಲಿಹೌಸಿಗೆ ಈ ತತ್ತ್ವವನ್ನು ತರಬಹುದು, ಪ್ರಮಾಣವನ್ನು ತರಬಾರದು.

ದೊಡ್ಡಬಳ್ಳಾಪುರದ ಗೃಹಿಣಿ ಕೃಷಿಕೆ

ಕೋಳಿ ಗೊಬ್ಬರದ ಬಗ್ಗೆ ಎಚ್ಚರ ಹೇಳಬೇಕು. ನಮ್ಮ ಪಕ್ಕದ ಪಾಲಿಹೌಸಿನಲ್ಲಿ ಸರಿಯಾಗಿ ಕಳಿಯದ ಕೋಳಿ ಗೊಬ್ಬರವನ್ನು ಮಡಿಗೆ ಬೆರೆಸಿ, ಬೇಗನೆ ಸೌತೆ ಸಸಿ ನಾಟಿ ಮಾಡಿದರು. ಚಳಿಗೆಂದು ರಾತ್ರಿ ಪಕ್ಕದ ಪರದೆಗಳನ್ನು ಇಳಿಸಿದ್ದರು. ಬೆಳಿಗ್ಗೆ ಒಳಗೆ ಕಾಲಿಟ್ಟರೆ ಅಮೋನಿಯಾ ವಾಸನೆಗೆ ಕಣ್ಣು ಉರಿಯುತ್ತಿತ್ತು. ಎರಡು ದಿನದಲ್ಲಿ ಎಲೆಯ ಅಂಚುಗಳು ನೀರಿನಲ್ಲಿ ಬೇಯಿಸಿದಂತಾಗಿ ಆಮೇಲೆ ಬೆಳ್ಳಗೆ ಒಣಗಿದವು. ಬಯಲಿನಲ್ಲಿ ಗಾಳಿಗೆ ಹಾರಿ ಹೋಗುವ ಅನಿಲ ಮುಚ್ಚಿದ ಮನೆಯಲ್ಲಿ ಗಿಡದ ಮೇಲೆಯೇ ನಿಲ್ಲುತ್ತದೆ. ಯೂರಿಯಾವನ್ನು ಮಡಿಯ ಮೇಲೆ ಚೆಲ್ಲಿದರೂ ಇದೇ ಆಗುತ್ತದೆ.

ನಾನು ಗೊಬ್ಬರ ಕೊಳ್ಳುವಾಗ ಲೋಡಿನ ಒಳಗಿನಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡುತ್ತೇನೆ. ಕಳಿತ ಗೊಬ್ಬರ ಉಂಡೆಯಾಗಿ, ಬೆರಳು ಸೋಕಿದರೆ ಪುಡಿಯಾಗಬೇಕು, ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು. ಒಳಗೆ ಬಿಸಿ ಇದ್ದರೆ, ಹುಲ್ಲಿನ ಎಳೆ ಗುರುತು ಸಿಗುವಂತಿದ್ದರೆ, ಗೊಣ್ಣೆ ಹುಳು ಕಂಡರೆ ಆ ಲೋಡನ್ನು ಇಳಿಸಿಕೊಳ್ಳುವುದಿಲ್ಲ.

ಬೆಳಗಾವಿ ಸೌತೆ ಬೆಳೆಗಾರ

ಅಕ್ಕ ಹೇಳಿದ್ದು ಅಕ್ಷರಶಃ ನಿಜ. ಇನ್ನೊಂದು ವಿಷಯ, ಹೊರಗಿನಿಂದ ತಂದ ಹಸಿ ಗೊಬ್ಬರ ಮತ್ತು ಮಣ್ಣಿನ ಜೊತೆಗೆ ಬೇರುಗಂಟು ಜಂತುಹುಳುವೂ ಬರುತ್ತದೆ. ಒಮ್ಮೆ ಪಾಲಿಹೌಸಿನೊಳಗೆ ಹೊಕ್ಕರೆ ವರ್ಷವಿಡೀ ಬೆಚ್ಚಗಿನ ಮಣ್ಣು, ವರ್ಷವಿಡೀ ಬೇರು ಸಿಗುವುದರಿಂದ ಅದಕ್ಕೆ ತಡೆಯೇ ಇರುವುದಿಲ್ಲ. ಕೋಲಾರದವರು ಒಂದು ಗಿಡವನ್ನು ಮೆಲ್ಲಗೆ ಅಗೆದು ಬೇರು ತೊಳೆದು ನೋಡಿ. ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ನಿಮ್ಮ ಹಳದಿ ಎಲೆಗೆ ಅದೂ ಕಾರಣವಾಗಿರಬಹುದು.

ಕೋಲಾರದ ಬೆಳೆಗಾರ

ಈಗಲೇ ಹೋಗಿ ಎರಡು ಸಾಲಿನಲ್ಲಿ ಗಿಡ ಕಿತ್ತು ನೋಡಿದೆ ಅಣ್ಣ. ಬಾಗಿಲ ಹತ್ತಿರದ ಸಾಲಿನಲ್ಲಿ ಸಣ್ಣ ಗಂಟುಗಳಿವೆ, ಒಳಗಿನ ಸಾಲಿನಲ್ಲಿ ಕಾಣಲಿಲ್ಲ.

ಬೆಳಗಾವಿ ಸೌತೆ ಬೆಳೆಗಾರ

ಹಾಗಾದರೆ ಈಗಲೇ ಹಿಡಿತಕ್ಕೆ ತರಬಹುದು. ಬೆಳೆ ಮುಗಿದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಮಡಿಗೆ ನೀರುಣಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ, ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡಿ. ಆಮೇಲೆ ಬೇವಿನ ಹಿಂಡಿಗೆ ಟ್ರೈಕೋಡರ್ಮಾ, ಸೂಡೊಮೊನಾಸ್ ಮತ್ತು ಪರ್ಪ್ಯೂರಿಯೊಸಿಲಿಯಂ ಎಂಬ ಉಪಕಾರಿ ಸೂಕ್ಷ್ಮಜೀವಿಗಳನ್ನು ಬೆರೆಸಿ, ನೆರಳಿನಲ್ಲಿ ಹದವಾದ ತೇವದಲ್ಲಿ ಎರಡು ವಾರ ಇಟ್ಟು ಮಡಿಗೆ ಸೇರಿಸಿ. ಈ ಕ್ರಮವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಜೈವಿಕ ಶಿಲೀಂಧ್ರ ಹಾಕಿದ ವಾರವೇ ಅದರ ಮೇಲೆ ಶಿಲೀಂಧ್ರನಾಶಕ ಸುರಿದರೆ ಹಾಕಿದ್ದೆಲ್ಲ ನೀರುಪಾಲು.

ಮಾಲೂರು ಡ್ರಿಪ್ ಕೆಲಸ

ನಾನು ಡ್ರಿಪ್ ಅಳವಡಿಸುವವನು. ಎರಡು ಪದ್ಧತಿ ಬೆರೆಸುವವರು ಮೊದಲು ಕೆಡಿಸುವುದು ಪೈಪುಗಳನ್ನು. ಜೀವಾಮೃತವನ್ನು ಒಂದು ಬಟ್ಟೆಯಲ್ಲಿ ಸೋಸಿ ವೆಂಚುರಿಗೆ (ಡ್ರಿಪ್ ನೀರಿಗೆ ಗೊಬ್ಬರ ಎಳೆದುಕೊಳ್ಳುವ ಸಾಧನ) ಬಿಡುತ್ತಾರೆ. ಲ್ಯಾಟರಲ್ ಪೈಪಿನ ತುದಿ ಬಿಚ್ಚಿದರೆ ಕಂದು ಬಣ್ಣದ ಲೋಳೆ ಹೊರಬರುತ್ತದೆ. ಆಮೇಲೆ ಒಂದು ಡ್ರಿಪ್ಪರ್ ಧಾರೆಯಾಗಿ ಸುರಿಯುತ್ತದೆ, ಪಕ್ಕದ್ದು ಒಣಗಿರುತ್ತದೆ. ರಸಗೊಬ್ಬರದ ಹಂಚಿಕೆಯೂ ಹಾಗೆಯೇ ಏರುಪೇರಾಗುತ್ತದೆ. ಡಿಸ್ಕ್ ಫಿಲ್ಟರ್ ಇಲ್ಲದವರು ದ್ರವ ಗೊಬ್ಬರವನ್ನು ಚೊಂಬಿನಲ್ಲಿ ಬುಡಕ್ಕೆ ಹಾಕುವುದು ಮೇಲು.

ಇನ್ನು ಕ್ಯಾಲ್ಸಿಯಂ ನೈಟ್ರೇಟನ್ನು ಯಾವ ಕಾರಣಕ್ಕೂ ರಂಜಕ ಅಥವಾ ಸಲ್ಫೇಟ್ ಇರುವ ಗೊಬ್ಬರದ ಜೊತೆ ಒಂದೇ ಡ್ರಮ್ಮಿನಲ್ಲಿ ಕರಗಿಸಬೇಡಿ. ಹಾಲಿನಂತೆ ಬೆಳ್ಳಗಾಗಿ ತಳಕ್ಕೆ ಕೂರುತ್ತದೆ. ಅದು ಗಿಡಕ್ಕೂ ಸಿಗುವುದಿಲ್ಲ, ಡ್ರಿಪ್ಪರನ್ನೂ ಕಟ್ಟುತ್ತದೆ. ಡ್ರಮ್ ಬೇರೆ ಇರಲಿ, ಕೊಡುವ ದಿನವೂ ಬೇರೆ ಇರಲಿ.

ವೆಸ್ಟ್‌ಲ್ಯಾಂಡ್ ಕನ್ನಡಿಗ

ನೆದರ್‌ಲ್ಯಾಂಡ್ಸ್‌ನಲ್ಲಿ ಹಸಿರುಮನೆಯ ಕೆಲಸದಲ್ಲಿದ್ದೇನೆ. ಇಲ್ಲಿ ಹೆಚ್ಚಿನ ದಪ್ಪ ಮೆಣಸಿನಕಾಯಿ ಮಣ್ಣಿನಲ್ಲಿ ಬೆಳೆಯುವುದೇ ಇಲ್ಲ, ರಾಕ್‌ವುಲ್ ಎಂಬ ಕಲ್ಲುನಾರಿನ ಹಾಸಿನ ಮೇಲೆ ಬೆಳೆಯುತ್ತದೆ. ಬಸಿದ ನೀರನ್ನು ಹಿಡಿದು, ಶುದ್ಧ ಮಾಡಿ, ಮತ್ತೆ ಬಳಸುತ್ತಾರೆ. ಸಾವಯವ ಎಂದು ಮಾರಬೇಕಾದರೆ ಮಾತ್ರ ಯುರೋಪಿನ ನಿಯಮದಂತೆ ನೆಲದ ಮಣ್ಣಿನಲ್ಲಿಯೇ ಬೆಳೆಯಬೇಕು. ಆಗಲೂ ಪ್ರಾಣಿಜನ್ಯ ಗೊಬ್ಬರದ ಸಾರಜನಕ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 170 ಕಿಲೋ ಮೀರುವಂತಿಲ್ಲ. ಕೋಲಾರದವರ 26 ಟನ್ ಕೊಟ್ಟಿಗೆ ಗೊಬ್ಬರವೊಂದನ್ನೇ ಹೆಕ್ಟೇರಿಗೆ ಏರಿಸಿದರೆ 650 ಕಿಲೋ ಆಗುತ್ತದೆ. ಸಾವಯವ ಎಂದ ಮಾತ್ರಕ್ಕೆ ಎಷ್ಟು ಹಾಕಿದರೂ ಕೇಡಿಲ್ಲ ಎನ್ನುವುದು ಸರಿಯಲ್ಲ. ಮಣ್ಣಿನಿಂದ ಇಳಿದು ಕೊಳವೆಬಾವಿ ಸೇರುವ ನೈಟ್ರೇಟ್, ಸಗಣಿಯಿಂದ ಬಂದರೂ ಚೀಲದಿಂದ ಬಂದರೂ ಒಂದೇ.

ತುಮಕೂರು ಯುವಕ

ಅರ್ಧ ಸಾವಯವ, ಅರ್ಧ ರಸಗೊಬ್ಬರ ಬಳಸಿದವರು ಬೆಂಗಳೂರಿನ ಅಂಗಡಿಗಳಿಗೆ ‘ಸಾವಯವ’ ಎಂದು ಕೊಡಬಹುದೇ? ಬೆಲೆ ಚೆನ್ನಾಗಿ ಸಿಗುತ್ತದೆ.

ಜಿಕೆವಿಕೆ ಹಳೆಯ ವಿದ್ಯಾರ್ಥಿ

ಕೊಡುವಂತಿಲ್ಲ. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮದಲ್ಲಿ ಒಂದು ಚೀಲ ಯೂರಿಯಾಕ್ಕೂ ಜಾಗವಿಲ್ಲ, ವಾರ್ಷಿಕ ಬೆಳೆಗಳಿಗೆ ಎರಡು ವರ್ಷದ ಪರಿವರ್ತನೆಯ ಅವಧಿಯೂ ಇದೆ. ಕೊಳ್ಳುವವರು ನಂಬಿ ಹೆಚ್ಚು ಹಣ ಕೊಡುತ್ತಾರೆ, ಆ ನಂಬಿಕೆಗೆ ಮೋಸ ಮಾಡಿದರೆ ನಿಜವಾಗಿ ಸಾವಯವ ಮಾಡುವವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ.

ಸಹಜ ಕೃಷಿಕ, ಮಂಡ್ಯ

ಈ ಮಾತಿಗೆ ನನ್ನ ಪೂರ್ಣ ಸಹಮತವಿದೆ.

ದೊಡ್ಡಬಳ್ಳಾಪುರದ ಗೃಹಿಣಿ ಕೃಷಿಕೆ

ಕೀಟನಾಶಕದ ಉಳಿಕೆ ಇಲ್ಲದ ತರಕಾರಿ ಎಂದು ಪ್ರಯೋಗಾಲಯದ ವರದಿಯೊಂದಿಗೆ ಮಾರುವುದು ಬೇರೆಯೇ ದಾರಿ. ಉಳಿಕೆಯ ಪ್ರಶ್ನೆ ಬರುವುದು ಸಿಂಪಡಣೆಯಿಂದ. ಜನ ರಸಗೊಬ್ಬರವನ್ನೂ ವಿಷವನ್ನೂ ಒಂದೇ ಎಂದು ತಿಳಿದಿದ್ದಾರೆ, ಅದನ್ನು ತಾಳ್ಮೆಯಿಂದ ಬಿಡಿಸಿ ಹೇಳಬೇಕು.

ಕೋಲಾರದ ಬೆಳೆಗಾರ

ಎಲ್ಲರಿಗೂ ಋಣಿ. ನಿಂತಿರುವ ಬೆಳೆಗೆ ಈಗ ಏನು ಮಾಡಲಿ, ಮುಂದಿನ ಬೆಳೆಗೆ ಏನು ಮಾಡಲಿ? ಉಪ್ಪು ಇಳಿಸುವುದಕ್ಕೆ ನೀರು ಹಾಯಿಸಬೇಕೆಂದರೆ ನಮ್ಮ ಕೊಳವೆಬಾವಿಯಲ್ಲಿ ನೀರೇ ಕಡಿಮೆ, ಇರುವುದೂ ಗಡಸು ನೀರು.

ಮಣ್ಣು ಪರೀಕ್ಷಕ

ನಿಂತಿರುವ ಬೆಳೆಗೆ 19:19:19 ಮತ್ತು 13:0:45 ಎರಡನ್ನೂ ಇಂದೇ ನಿಲ್ಲಿಸಿ. ರಂಜಕ, ಪೊಟ್ಯಾಷ್ ಎರಡೂ ಮಣ್ಣಿನಲ್ಲಿ ತುಂಬಿವೆ. ಕ್ಯಾಲ್ಸಿಯಂ ನೈಟ್ರೇಟ್ ಒಂದನ್ನೇ ಕಡಿಮೆ ಪ್ರಮಾಣದಲ್ಲಿ ಮುಂದುವರಿಸಿ, ಅದರಲ್ಲಿಯೇ ಸಾರಜನಕ ಬರುತ್ತದೆ. ಮೆಗ್ನೀಷಿಯಂ ಸಲ್ಫೇಟ್ ಮತ್ತು ಸೂಕ್ಷ್ಮ ಪೋಷಕಾಂಶಗಳನ್ನು ಎಲೆಗಳ ಮೇಲೆ ಸಿಂಪಡಿಸಿ, ಈ ಪಿ.ಎಚ್.ನಲ್ಲಿ ಮಣ್ಣಿಗೆ ಕೊಟ್ಟ ಕಬ್ಬಿಣ ಬೇರು ತಲುಪುವುದು ಕಷ್ಟ. ನೀರನ್ನು ದಿನಕ್ಕೊಮ್ಮೆ ಹೆಚ್ಚಾಗಿ ಕೊಡುವ ಬದಲು ಎರಡು ಮೂರು ಸಲ ಹಂಚಿ ಕೊಡಿ. ಮಣ್ಣು ಒಣಗಿ ಮತ್ತೆ ನೆನೆಯುವಾಗಲೆಲ್ಲ ಕಾಯಿಯ ತುದಿಗೆ ಕ್ಯಾಲ್ಸಿಯಂ ತಪ್ಪುತ್ತದೆ.

ಮುಂದಿನ ಬೆಳೆಗೆ ಡಿಎಪಿ ಮತ್ತು ಕೋಳಿ ಗೊಬ್ಬರ ಎರಡೂ ಬೇಡ. ಕೊಟ್ಟಿಗೆ ಗೊಬ್ಬರವನ್ನು 5 ಅಥವಾ 6 ಟನ್‌ಗೆ ಇಳಿಸಿ, ಬೇವಿನ ಅಥವಾ ಹೊಂಗೆ ಹಿಂಡಿ ಸೇರಿಸಿ. ಕೈಪಿಡಿಗಳು ಚದರ ಮೀಟರಿಗೆ 20 ಕಿಲೋ ಎನ್ನುವುದು ಸತ್ವವಿಲ್ಲದ ಹೊಸ ಕೆಮ್ಮಣ್ಣನ್ನು ಮೊದಲ ಸಲ ಹದಕ್ಕೆ ತರುವುದಕ್ಕೆ. ಅದನ್ನು ಪ್ರತಿ ಬೆಳೆಗೂ ಹಾಕಬೇಕೆಂದು ಓದಿಕೊಂಡಿದ್ದರಿಂದಲೇ ಎಷ್ಟೋ ಪಾಲಿಹೌಸ್‌ಗಳಿಗೆ ಈ ಗತಿ ಬಂದಿದೆ. ನಿಮ್ಮ ಸಾವಯವ ಇಂಗಾಲ ಈಗಾಗಲೇ ಚೆನ್ನಾಗಿದೆ, ಉಳಿಸಿಕೊಂಡರೆ ಸಾಕು.

ಹೊಸಕೋಟೆ ನರ್ಸರಿ

ನೀರಿನ ವಿಷಯಕ್ಕೆ ನನ್ನದೊಂದು ಸಲಹೆ. ನಿಮ್ಮ ಪಾಲಿಹೌಸಿನ ಚಾವಣಿ ಸುಮಾರು 2,000 ಚದರ ಮೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ 14 ಲಕ್ಷ ಲೀಟರ್ ಬೀಳುತ್ತದೆ, ಸೋರಿಕೆ ಮತ್ತು ಆವಿ ಕಳೆದು 10 ಲಕ್ಷ ಲೀಟರ್ ಹಿಡಿದರೂ ದಿನಕ್ಕೆ 5,000 ಲೀಟರಿನಂತೆ 200 ದಿನ ಸಾಗುತ್ತದೆ. ಚಾವಣಿಯ ಅಂಚಿನ ನೀರಿನ ದೋಣಿಗೆ ಪೈಪ್ ಕೊಟ್ಟು ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೆ ಇಳಿಸಿ. ಮಳೆನೀರಿನಲ್ಲಿ ಬೈಕಾರ್ಬೊನೇಟ್ ಇಲ್ಲದ ಕಾರಣ ನಿಮ್ಮ ಪಿ.ಎಚ್. ಏರುವುದೂ ನಿಲ್ಲುತ್ತದೆ. ನಮ್ಮ ಭಾಗದ ಕೊಳವೆಬಾವಿಯ ನೀರೇ ಮಣ್ಣಿಗೆ ಸುಣ್ಣ ಸೇರಿಸುತ್ತಿದೆ ಎನ್ನುವುದನ್ನು ಬಹಳ ಜನ ಗಮನಿಸುವುದಿಲ್ಲ.

ಸಹಜ ಕೃಷಿಕ, ಮಂಡ್ಯ

ಎರಡು ಬೆಳೆಗಳ ನಡುವೆ ಏನೂ ಗೊಬ್ಬರ ಕೊಡದೆ ಮುಸುಕಿನ ಜೋಳವನ್ನು ಒತ್ತಾಗಿ ಬಿತ್ತಿ, ಹೂ ಬರುವ ಮೊದಲು ಬುಡಸಮೇತ ಕಿತ್ತು ದನಕ್ಕೆ ಹಾಕಿ. ಮಣ್ಣಿನಲ್ಲಿ ಉಳಿದ ನೈಟ್ರೇಟನ್ನು ಅದು ಎಳೆದುಕೊಳ್ಳುತ್ತದೆ, ನೀರೂ ವ್ಯರ್ಥವಾಗುವುದಿಲ್ಲ. ಗಂಟು ಹುಳು ಇರುವ ಬಾಗಿಲ ಬದಿಯ ಸಾಲುಗಳಲ್ಲಿ ಜೋಳದ ಬದಲು ಚೆಂಡುಹೂ ಅಥವಾ ಹಸಿರೆಲೆ ಗೊಬ್ಬರದ ಅಪ್ಸೆಣಬು ಹಾಕಿ.

ಮಣ್ಣು ಪರೀಕ್ಷಕ

ಸಹಜ ಕೃಷಿಕರ ಈ ಸಲಹೆಯನ್ನು ಖಂಡಿತ ಮಾಡಿ. ಒಂದೇ ಎಚ್ಚರ, ಆಗತಾನೆ ಎಳೆದುಕೊಂಡ ನೈಟ್ರೇಟ್ ಮತ್ತು ಪೊಟ್ಯಾಷ್ ಆ ಜೋಳದ ಸೊಪ್ಪಿನಲ್ಲಿಯೇ ಇರುವುದರಿಂದ ದನಕ್ಕೆ ಅದೊಂದನ್ನೇ ಹೊಟ್ಟೆ ತುಂಬ ಹಾಕದೆ, ಒಣಹುಲ್ಲಿನ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ಕೊಡಿ.

ಕೋಲಾರದ ಬೆಳೆಗಾರ

ಹಾಗೆಯೇ ಮಾಡುತ್ತೇನೆ. ಜೋಳ ಕಿತ್ತ ಮೇಲೆ ಇನ್ನೊಮ್ಮೆ ಮಣ್ಣು ಪರೀಕ್ಷೆಗೆ ಕೊಡುತ್ತೇನೆ. ಮಾದರಿಯನ್ನು ಡ್ರಿಪ್ಪರ್ ಕೆಳಗೆ ತೆಗೆಯಬೇಕೇ, ಮಡಿಯ ಅಂಚಿನಲ್ಲಿ ತೆಗೆಯಬೇಕೇ?

ಮಣ್ಣು ಪರೀಕ್ಷಕ

ಎರಡೂ ಕಡೆ ತೆಗೆದು ಬೇರೆ ಬೇರೆ ಚೀಲದಲ್ಲಿ ಕಳುಹಿಸಿ. ಡ್ರಿಪ್ಪರಿನ ಕೆಳಗೆ ನೀರು ಉಪ್ಪನ್ನು ತಳ್ಳಿಕೊಂಡು ಹೋಗುವುದರಿಂದ ಇ.ಸಿ. ಕಡಿಮೆ ತೋರಿಸುತ್ತದೆ, ತೇವ ನಿಲ್ಲುವ ಅಂಚಿನಲ್ಲಿ ಹೆಚ್ಚು ತೋರಿಸುತ್ತದೆ. ಮೇಲಿನ 15 ಸೆಂಟಿಮೀಟರ್ ಮಣ್ಣು, ಬಾಗಿಲ ಬದಿ ಮತ್ತು ಒಳಬದಿ ಪ್ರತ್ಯೇಕವಾಗಿರಲಿ. ಗೊಬ್ಬರ ಸೇರಿಸುವ ಮೊದಲೇ ತೆಗೆಯಿರಿ. ಅಂಕಿಗಳು ಬಂದ ಮೇಲೆ ಇಲ್ಲಿಯೇ ಹಾಕಿ, ಡ್ರಿಪ್‌ನಲ್ಲಿ ಎಷ್ಟು ಕೊಡಬೇಕೆಂದು ಆಗ ಲೆಕ್ಕ ಮಾಡೋಣ.